ಮಹಾದೇವ ಲಾಲ್ ಶ್ರಾಫ್

ಮಹಾದೇವ ಲಾಲ್ ಶ್ರಾಫ್ (6 ಮಾರ್ಚ್ 1902 – 25 ಆಗಸ್ಟ್ 1971) ಭಾರತದಲ್ಲಿ ಔಷಧ ವಿಜ್ಞಾನದ ಉನ್ನತ ಶಿಕ್ಷಣಕ್ಕೆ ತಳಹದಿ ಹಾಕಿದ ಶಿಕ್ಷಣತಜ್ಞರು. ಭಾರತೀಯ ಫಾರ್ಮಸಿ ಶಿಕ್ಷಣದ ಪಿತಾಮಹ ಎಂದು ಇವರನ್ನು ಗೌರವಿಸಲಾಗುತ್ತದೆ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆಯನ್ನೂ, 1937ರಲ್ಲಿ ಬಿ.ಫಾರ್ಮ್ ಪದವಿಯನ್ನೂ, 1940ರಲ್ಲಿ ದೇಶದ ಮೊದಲ ಎಂ.ಫಾರ್ಮ್ ಸ್ನಾತಕೋತ್ತರ ಶಿಕ್ಷಣವನ್ನೂ ಆರಂಭಿಸಿದ ಕೀರ್ತಿ ಇವರದು. ಭಾರತೀಯ ಔಷಧ ತಜ್ಞರ ಸಂಘದ ಸ್ಥಾಪನೆಯಲ್ಲಿ ಹಾಗೂ ಅದರ ವೈಜ್ಞಾನಿಕ ಪತ್ರಿಕೆಯ ಆರಂಭದಲ್ಲಿಯೂ ಇವರು ಮುಖ್ಯ ಪಾತ್ರ ವಹಿಸಿದರು. ಇಂದು ಕರ್ನಾಟಕವೂ ಸೇರಿದಂತೆ ದೇಶದ ಎಲ್ಲ ಫಾರ್ಮಸಿ ಕಾಲೇಜುಗಳಲ್ಲಿ ನಡೆಯುತ್ತಿರುವ ಪದವಿ ಮತ್ತು ಸ್ನಾತಕೋತ್ತರ ವ್ಯಾಸಂಗಗಳ ಮೂಲವನ್ನು ಶ್ರಾಫ್ ಅವರ ಕಾರ್ಯದಲ್ಲಿ ಕಾಣಬಹುದು. ಅವರು ರೂಪಿಸಿದ ಶಿಕ್ಷಣ ಮುಖ್ಯವಾಗಿ ಪ್ರಯೋಗಾಲಯ ಮತ್ತು ಕೈಗಾರಿಕೆಗೆ ಸಂಬಂಧಿಸಿದ್ದಾಗಿತ್ತು. ಅದೇ ಶಿಕ್ಷಣವು ಆಸ್ಪತ್ರೆಯಲ್ಲಿರುವ ರೋಗಿಯ ಹಾಸಿಗೆಯವರೆಗೆ ತಲುಪಲು ಮತ್ತೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಆಸ್ಪತ್ರೆಗಳಲ್ಲಿ ಔಷಧ ಸಿದ್ಧಪಡಿಸಿ ಕೊಡುವ ಕೆಲಸವನ್ನು ಕಂಪೌಂಡರುಗಳು ಮಾಡುತ್ತಿದ್ದರು. ವೈದ್ಯರು ಬರೆದ ಚೀಟಿಯನ್ನು ನೋಡಿ ಪುಡಿಗಳನ್ನು ತೂಗುವುದು, ದ್ರಾವಣಗಳನ್ನು ಬೆರೆಸುವುದು, ಮುಲಾಮು ಅರೆಯುವುದು, ಒಂದು ಹೊತ್ತಿಗೆ ಎಷ್ಟು ಎಂದು ತೋರಿಸಲು ಬಾಟಲಿಗೆ ಕಾಗದದ ಪಟ್ಟಿ ಅಂಟಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಬಹುಮಟ್ಟಿಗೆ ಅವರು ಈ ವಿದ್ಯೆಯನ್ನು ಕೆಲಸ ಮಾಡುತ್ತಲೇ, ಹಿರಿಯರ ಕೈಕೆಳಗೆ ಕಲಿಯುತ್ತಿದ್ದರು. ವಿಶ್ವವಿದ್ಯಾಲಯಗಳಲ್ಲಿ ಔಷಧ ವಿಜ್ಞಾನಕ್ಕೆ ಸ್ವತಂತ್ರ ಪದವಿ ಇರಲಿಲ್ಲ. ಔಷಧ ಮಾರಾಟಕ್ಕೆ ದೇಶದಾದ್ಯಂತ ಅನ್ವಯವಾಗುವ ಅರ್ಹತೆಯ ನಿಯಮವೂ ಇರಲಿಲ್ಲ.

ಔಷಧಗಳ ಗುಣಮಟ್ಟದ ಸ್ಥಿತಿಯೂ ಚಿಂತಾಜನಕವಾಗಿತ್ತು. ದೇಶಕ್ಕೆ ಬೇಕಾದ ಆಧುನಿಕ ಔಷಧಗಳ ಹೆಚ್ಚಿನ ಪಾಲು ಹೊರದೇಶಗಳಿಂದ ಬರುತ್ತಿತ್ತು. ಪ್ರಫುಲ್ಲಚಂದ್ರ ರಾಯ್ ಅವರು ಕಲ್ಕತ್ತಾದಲ್ಲಿ ಸ್ಥಾಪಿಸಿದ ಬೆಂಗಾಲ್ ಕೆಮಿಕಲ್ಸ್‌ನಂತಹ ಕೆಲವು ಸ್ವದೇಶಿ ಸಂಸ್ಥೆಗಳು ತಯಾರಿಕೆಯನ್ನು ಕೈಗೊಂಡಿದ್ದರೂ ಬೇಡಿಕೆಗೆ ಹೋಲಿಸಿದರೆ ಅವುಗಳ ಉತ್ಪಾದನೆ ಸಣ್ಣದಾಗಿತ್ತು. ಮಾರುಕಟ್ಟೆಯಲ್ಲಿ ಕಲಬೆರಕೆಯ ಮತ್ತು ಸತ್ವಹೀನ ಔಷಧಗಳು ಧಾರಾಳವಾಗಿ ದೊರೆಯುತ್ತಿದ್ದವು. ಮಲೇರಿಯಾ ಜ್ವರಕ್ಕೆ ಮುಖ್ಯ ಮದ್ದಾಗಿದ್ದ ಕ್ವಿನೈನ್ ಸಹ ಇದಕ್ಕೆ ಹೊರತಾಗಿರಲಿಲ್ಲ. ಈ ಬಗ್ಗೆ ಕೇಂದ್ರ ಶಾಸನಸಭೆಯಲ್ಲಿ ಚರ್ಚೆಗಳು ನಡೆದು, 1930ರಲ್ಲಿ ಸರ್ಕಾರವು ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಕಲ್ಕತ್ತಾದ ಉಷ್ಣವಲಯ ವೈದ್ಯವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ರಾಮನಾಥ ಚೋಪ್ರಾ ಅದರ ಅಧ್ಯಕ್ಷರಾಗಿದ್ದರು. ಆದ್ದರಿಂದ ಇದು ಚೋಪ್ರಾ ಸಮಿತಿ ಎಂದೇ ಪ್ರಸಿದ್ಧವಾಗಿದೆ.

ಸಮಿತಿಯು 1931ರಲ್ಲಿ ವರದಿ ಸಲ್ಲಿಸಿತು. ಔಷಧಗಳ ಗುಣಮಟ್ಟವನ್ನು ನಿಯಂತ್ರಿಸಲು ಕಾನೂನು ಬೇಕು, ಔಷಧ ವೃತ್ತಿಯನ್ನೂ ಕಾನೂನಿನ ವ್ಯಾಪ್ತಿಗೆ ತರಬೇಕು, ಆ ವೃತ್ತಿಗೆ ತಕ್ಕ ಶಿಕ್ಷಣ ಬೇಕು ಎಂಬುದು ಅದರ ಶಿಫಾರಸುಗಳ ಸಾರ. ಕಾನೂನುಗಳು ಬರಲು ಮತ್ತೂ ಹಲವು ವರ್ಷ ಬೇಕಾಯಿತು. ಆದರೆ ಶಿಕ್ಷಣದ ಕೆಲಸ ಮರುವರ್ಷವೇ ಕಾಶಿಯಲ್ಲಿ ಆರಂಭವಾಯಿತು. ಅದನ್ನು ಕೈಗೊಂಡವರು ಶ್ರಾಫ್.

ಜನನ ಮತ್ತು ವಿದ್ಯಾಭ್ಯಾಸ

ಶ್ರಾಫ್ ಅವರು 1902ರ ಮಾರ್ಚ್ 6ರಂದು ಬಿಹಾರದ ದರ್ಭಾಂಗದಲ್ಲಿ ಜನಿಸಿದರು. ಪ್ರಾರಂಭಿಕ ಶಿಕ್ಷಣವನ್ನು ಬಿಹಾರದಲ್ಲಿಯೇ ಪಡೆದರು. ನಂತರ ಮದನ ಮೋಹನ ಮಾಳವೀಯರು 1916ರಲ್ಲಿ ಸ್ಥಾಪಿಸಿದ್ದ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ವ್ಯಾಸಂಗ ಮಾಡಿದರು. ಅದು ಅಸಹಕಾರ ಚಳವಳಿಯ ಕಾಲ. ಹೊರದೇಶದ ವಿದ್ಯೆಯನ್ನು ಕಲಿತು ಅದನ್ನು ಸ್ವದೇಶದ ಕೈಗಾರಿಕೆಗೆ ಬಳಸಬೇಕೆಂಬ ಹಂಬಲ ಆಗಿನ ಅನೇಕ ಯುವಕರಲ್ಲಿ ಇತ್ತು. ಇಂಗ್ಲೆಂಡಿಗೆ ಹೋಗುವುದು ಆಗ ರೂಢಿಯಾಗಿದ್ದರೂ ಶ್ರಾಫ್ ಅಮೆರಿಕ ಸಂಯುಕ್ತ ಸಂಸ್ಥಾನಗಳನ್ನು ಆರಿಸಿಕೊಂಡರು.

1920ರ ದಶಕದಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಬಳಿಕ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿ ಸ್ನಾತಕೋತ್ತರ ಪದವಿ ಗಳಿಸಿದರು. ಹೀಗೆ ಅವರ ತರಬೇತಿ ರಸಾಯನಶಾಸ್ತ್ರ ಮತ್ತು ತಂತ್ರಜ್ಞಾನಗಳದ್ದಾಗಿತ್ತು. ಈ ಅಂಶ ಗಮನಾರ್ಹ. ಏಕೆಂದರೆ ಮುಂದೆ ಅವರು ಭಾರತದಲ್ಲಿ ರೂಪಿಸಿದ ಪಠ್ಯಕ್ರಮದ ಮೇಲೆ ಇದರ ಛಾಯೆ ಸ್ಪಷ್ಟವಾಗಿ ಕಾಣುತ್ತದೆ.

ಅದೇ ದಶಕದಲ್ಲಿ ಅಮೆರಿಕದಲ್ಲಿ ಮತ್ತೊಂದು ಬೆಳವಣಿಗೆ ಸದ್ದಿಲ್ಲದೆ ನಡೆಯಿತು. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮುಖ್ಯ ಫಾರ್ಮಸಿಸ್ಟರಾಗಿದ್ದ ಹಾರ್ವೆ ವಿಟ್ನಿ, ಪದವಿ ಪಡೆದ ಫಾರ್ಮಸಿಸ್ಟರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ತರಬೇತಿ ನೀಡುವ ಪದ್ಧತಿಯನ್ನು 1927ರಲ್ಲಿ ಆರಂಭಿಸಿದರು. ಫಾರ್ಮಸಿಸ್ಟರಿಗೆ ಆಸ್ಪತ್ರೆಯಲ್ಲಿ ನೀಡುವ ಪದವ್ಯುತ್ತರ ತರಬೇತಿಯ ಮೂಲ ಇದೇ ಎಂದು ಪರಿಗಣಿಸಲಾಗಿದೆ. ಕಾಶಿಯ ಪಠ್ಯಕ್ರಮ ಈ ಮಾದರಿಯನ್ನು ಅನುಸರಿಸಲಿಲ್ಲ. ಆಗಿನ ಭಾರತದ ಅಗತ್ಯ ಬೇರೆಯದಾಗಿತ್ತು.

ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ

ಸ್ವದೇಶಕ್ಕೆ ಮರಳಿದ ಶ್ರಾಫ್ ಅವರನ್ನು ಮಾಳವೀಯರು ತಮ್ಮ ವಿಶ್ವವಿದ್ಯಾಲಯಕ್ಕೆ ಬರಮಾಡಿಕೊಂಡರು. ವಿದ್ಯೆಯು ದೇಶದ ಕೈಗಾರಿಕೆಗೆ ನೆರವಾಗಬೇಕೆಂಬುದು ಮಾಳವೀಯರ ಧ್ಯೇಯವಾಗಿತ್ತು. ತಂತ್ರಶಿಕ್ಷಣದ ಹಲವು ಶಾಖೆಗಳು ಅಲ್ಲಿ ಆಗಲೇ ಬೇರೂರಿದ್ದವು. ಔಷಧ ತಯಾರಿಕೆಯನ್ನೂ ಆ ಸಾಲಿಗೆ ಸೇರಿಸಲು ಅನುಕೂಲವಾದ ವಾತಾವರಣ ಅಲ್ಲಿತ್ತು.

1932ರಲ್ಲಿ ಔಷಧ ರಸಾಯನಶಾಸ್ತ್ರವನ್ನು ಬಿ.ಎಸ್ಸಿ. ತರಗತಿಯ ಒಂದು ವಿಷಯವಾಗಿ ಅಳವಡಿಸಲಾಯಿತು. ಮೊದಲೇ ಪೂರ್ಣ ಪದವಿಯನ್ನು ಆರಂಭಿಸದೆ, ಪ್ರಚಲಿತವಿದ್ದ ವಿಜ್ಞಾನ ಪದವಿಯೊಳಗೆ ಹೊಸ ವಿಷಯಕ್ಕೆ ಜಾಗ ಮಾಡಿಕೊಡಲಾಯಿತು. 1934ರಲ್ಲಿ ವ್ಯಾಸಂಗವನ್ನು ವಿಸ್ತರಿಸಲಾಯಿತು. 1937ರಲ್ಲಿ ಮೂರು ವರ್ಷಗಳ ಸ್ವತಂತ್ರ ಬಿ.ಫಾರ್ಮ್ ಪದವಿ ಆರಂಭವಾಯಿತು. ಹೀಗೆ ಐದು ವರ್ಷಗಳೊಳಗೆ ಒಂದು ಐಚ್ಛಿಕ ವಿಷಯವು ಪೂರ್ಣ ಪದವಿಯಾಗಿ ಬೆಳೆಯಿತು. ಈ ಹಂತಹಂತದ ಬೆಳವಣಿಗೆಯು ಶ್ರಾಫ್ ಅವರ ಕಾರ್ಯವಿಧಾನದ ವೈಶಿಷ್ಟ್ಯವಾಗಿದೆ.

ಕಾಶಿಯ ಶಿಕ್ಷಣದ ಒಲವು ಔಷಧದ ತಯಾರಿಕೆ ಮತ್ತು ಪರೀಕ್ಷೆಗಳ ಕಡೆಗಿತ್ತು. ಒಂದು ಔಷಧದಲ್ಲಿ ಯಾವ ಸತ್ವ ಎಷ್ಟು ಪ್ರಮಾಣದಲ್ಲಿದೆ, ಅದು ಶುದ್ಧವೇ ಕಲಬೆರಕೆಯೇ, ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಹೇಗೆ, ಸಸ್ಯಮೂಲದ ದ್ರವ್ಯಗಳನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬಲ್ಲ ಪದವೀಧರರನ್ನು ಸಿದ್ಧಪಡಿಸುವುದು ಅದರ ಗುರಿಯಾಗಿತ್ತು. ಚೋಪ್ರಾ ಸಮಿತಿ ಎತ್ತಿ ತೋರಿಸಿದ ಕೊರತೆಗೆ ಇದು ನೇರವಾದ ಪರಿಹಾರವೂ ಆಗಿತ್ತು. ಔಷಧವೇ ನಂಬಲರ್ಹವಾಗಿಲ್ಲದ ಕಾಲದಲ್ಲಿ, ಮೊದಲು ನಂಬಲರ್ಹವಾದ ಔಷಧ ಬೇಕಾಗಿತ್ತು.

ಸ್ನಾತಕೋತ್ತರ ಶಿಕ್ಷಣದ ಆರಂಭ

1940ರಲ್ಲಿ ಕಾಶಿಯಲ್ಲಿ ಎಂ.ಫಾರ್ಮ್ ವ್ಯಾಸಂಗ ಆರಂಭವಾಯಿತು. ಭಾರತದಲ್ಲಿ ಔಷಧ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣ ಹೀಗೆ ಮೊದಲಾಯಿತು. ಶ್ರಾಫ್ ಅವರ ಶಿಷ್ಯರಾದ ಗೋರಖ್ ಪ್ರಸಾದ್ ಶ್ರೀವಾಸ್ತವ ಅವರ ಹೆಸರು ಈ ಆರಂಭದೊಂದಿಗೆ ಸೇರಿಕೊಂಡಿದೆ.

ಸ್ನಾತಕೋತ್ತರ ಶಿಕ್ಷಣವಿಲ್ಲದೆ ಯಾವ ವಿದ್ಯೆಯೂ ಒಂದು ದೇಶದಲ್ಲಿ ನೆಲೆಯೂರುವುದು ಕಷ್ಟ. ಪದವಿ ತರಗತಿಗಳಿಗೆ ಪಾಠ ಹೇಳುವವರು ಬೇಕು. ಪಠ್ಯಪುಸ್ತಕಗಳನ್ನು ಬರೆಯುವವರು, ಸಂಶೋಧನೆ ನಡೆಸುವವರು, ಸರ್ಕಾರದ ಪರೀಕ್ಷಾಲಯಗಳಲ್ಲಿ ಔಷಧಗಳನ್ನು ವಿಶ್ಲೇಷಿಸುವವರು ಬೇಕು. ಇವರೆಲ್ಲರನ್ನೂ ಹೊರದೇಶಗಳಿಂದ ಕರೆತರುವುದು ಸಾಧ್ಯವಿರಲಿಲ್ಲ. ಎಂ.ಫಾರ್ಮ್ ಆರಂಭದಿಂದ ಅಧ್ಯಾಪಕರನ್ನು ದೇಶದೊಳಗೇ ಸಿದ್ಧಪಡಿಸಲು ದಾರಿಯಾಯಿತು. ಮುಂದಿನ ದಶಕಗಳಲ್ಲಿ ಬೇರೆ ವಿಶ್ವವಿದ್ಯಾಲಯಗಳಲ್ಲಿ ಫಾರ್ಮಸಿ ವಿಭಾಗಗಳು ಹುಟ್ಟಿಕೊಂಡಾಗ ಈ ಸಿದ್ಧತೆಯ ಪ್ರಯೋಜನ ಕಂಡುಬಂದಿತು.

1940ನೆಯ ವರ್ಷ ಮತ್ತೊಂದು ಕಾರಣಕ್ಕೂ ಮುಖ್ಯ. ಔಷಧಗಳ ಆಮದು, ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವ ಔಷಧ ಕಾಯ್ದೆ ಅದೇ ವರ್ಷ ಜಾರಿಯಾಯಿತು. ಕಾಯ್ದೆಯನ್ನು ಕಾರ್ಯರೂಪಕ್ಕೆ ತರಲು ಬೇಕಾದ ವಿಶ್ಲೇಷಕರು ಮತ್ತು ಪರಿವೀಕ್ಷಕರ ಅಗತ್ಯ ಈಗ ಎದ್ದು ಕಂಡಿತು.

ಸಂಘ ಮತ್ತು ಪತ್ರಿಕೆ

ತರಗತಿಯೊಂದರಿಂದಲೇ ವೃತ್ತಿಗೆ ಗೌರವ ಬರುವುದಿಲ್ಲ ಎಂಬುದನ್ನು ಶ್ರಾಫ್ ಅರಿತಿದ್ದರು. ವೈದ್ಯರಿಗೆ ಸಂಘವಿತ್ತು, ವಕೀಲರಿಗೆ ಸಂಘವಿತ್ತು. ಔಷಧ ವೃತ್ತಿಯವರ ಮಾತನ್ನು ಸರ್ಕಾರದ ಮುಂದಿಡಲು ಅಂಥ ಸಂಸ್ಥೆಯೊಂದು ಬೇಕಿತ್ತು. 1935ರಲ್ಲಿ ಸಂಯುಕ್ತ ಪ್ರಾಂತ್ಯದ ಔಷಧ ತಜ್ಞರ ಸಂಘವು ಸ್ಥಾಪನೆಯಾಯಿತು. ದಶಕದ ಕೊನೆಯ ಹೊತ್ತಿಗೆ ಅದು ಅಖಿಲ ಭಾರತ ಸ್ವರೂಪ ಪಡೆದು ಭಾರತೀಯ ಔಷಧ ತಜ್ಞರ ಸಂಘ, ಅಂದರೆ ಇಂಡಿಯನ್ ಫಾರ್ಮಾಸ್ಯುಟಿಕಲ್ ಅಸೋಸಿಯೇಷನ್ ಆಯಿತು.

1939ರಲ್ಲಿ ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ ಎಂಬ ವೈಜ್ಞಾನಿಕ ಪತ್ರಿಕೆ ಆರಂಭವಾಯಿತು. ಶ್ರಾಫ್ ಅವರ ಸಂಪಾದಕತ್ವದಲ್ಲಿ ಹೊರಬಂದ ಈ ಪತ್ರಿಕೆಯು ಭಾರತೀಯ ಸಂಶೋಧಕರ ಬರಹಗಳಿಗೆ ವೇದಿಕೆಯಾಯಿತು. 1978ರಲ್ಲಿ ಅದರ ಹೆಸರು ಇಂಡಿಯನ್ ಜರ್ನಲ್ ಆಫ್ ಫಾರ್ಮಾಸ್ಯುಟಿಕಲ್ ಸೈನ್ಸಸ್ ಎಂದು ಬದಲಾಯಿತು. ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ.

ಪಿಲಾನಿ ಮತ್ತು ನಂತರದ ವರ್ಷಗಳು

1943ರಲ್ಲಿ ಶ್ರಾಫ್ ಅವರು ಕಾಶಿ ಹಿಂದೂ ವಿಶ್ವವಿದ್ಯಾಲಯದ ಸೇವೆಯನ್ನು ಬಿಟ್ಟರು. ಅಲ್ಲಿ ಅವರು ಕಳೆದದ್ದು ಸುಮಾರು ಒಂದು ದಶಕ. ಆ ಅವಧಿಯಲ್ಲಿಯೇ ಐಚ್ಛಿಕ ವಿಷಯ, ಪದವಿ, ಸ್ನಾತಕೋತ್ತರ ಪದವಿ, ಸಂಘ, ಪತ್ರಿಕೆ ಎಲ್ಲವೂ ನೆಲೆಗೊಂಡಿದ್ದವು. ಮುಂದೆ ಅವರು ಬಿರ್ಲಾ ಸಂಸ್ಥೆಗಳನ್ನು ಸೇರಿದರು. 1950ರ ಹೊತ್ತಿಗೆ ರಾಜಸ್ಥಾನದ ಪಿಲಾನಿಯಲ್ಲಿ ಫಾರ್ಮಸಿ ಪದವಿ ಶಿಕ್ಷಣ ಆರಂಭವಾಗಲು ಕಾರಣರಾದರು. ಕಲ್ಕತ್ತಾದ ಜಾದವ್‌ಪುರ ವಿಶ್ವವಿದ್ಯಾಲಯದೊಂದಿಗೂ ಅವರ ಸಂಬಂಧವಿತ್ತು. 1971ರ ಆಗಸ್ಟ್ 25ರಂದು ಅವರು ನಿಧನ ಹೊಂದಿದರು.

ಅವರ ಜೀವಿತಾವಧಿಯಲ್ಲಿಯೇ ಔಷಧ ವೃತ್ತಿಗೆ ಕಾನೂನಿನ ಆಧಾರ ದೊರೆಯಿತು. ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಆರೋಗ್ಯ ಸಮೀಕ್ಷೆ ಮತ್ತು ಅಭಿವೃದ್ಧಿ ಸಮಿತಿಯು 1946ರಲ್ಲಿ ನೀಡಿದ ವರದಿಯಲ್ಲಿ ಫಾರ್ಮಸಿಸ್ಟರ ಶಿಕ್ಷಣದ ಬಗೆಗೂ ಶಿಫಾರಸುಗಳಿದ್ದವು. 1948ರ ಮಾರ್ಚ್ 4ರಂದು ಫಾರ್ಮಸಿ ಕಾಯ್ದೆ ಬಂದಿತು. 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು. 1953ರಲ್ಲಿ ಪರಿಷತ್ತಿನ ಮೊದಲ ಶಿಕ್ಷಣ ನಿಯಮಗಳು ಹೊರಬಂದವು. ನೋಂದಾಯಿತ ಫಾರ್ಮಸಿಸ್ಟರಲ್ಲದವರು ವೈದ್ಯರ ಚೀಟಿಯಂತೆ ಔಷಧ ಸಿದ್ಧಪಡಿಸಿ ವಿತರಿಸಬಾರದು ಎಂಬ ತತ್ವ ಕಾಯ್ದೆಯಲ್ಲಿ ಸೇರಿತು.

ಈ ನಿಯಮಗಳ ಪ್ರಕಾರ ಫಾರ್ಮಸಿಸ್ಟ್ ಆಗಿ ನೋಂದಾಯಿಸಿಕೊಳ್ಳಲು ಡಿಪ್ಲೊಮಾ ಸಾಕಾಗಿತ್ತು. ಇದರಿಂದ ವೃತ್ತಿಯಲ್ಲಿ ಎರಡು ಕವಲುಗಳು ಮೂಡಿದವು. ಪದವೀಧರರು ಮತ್ತು ಸ್ನಾತಕೋತ್ತರ ಪದವೀಧರರು ಹೆಚ್ಚಾಗಿ ಕಾರ್ಖಾನೆ, ಪರೀಕ್ಷಾಲಯ, ಕಾಲೇಜು ಹಾಗೂ ಔಷಧ ನಿಯಂತ್ರಣ ಇಲಾಖೆಗಳಿಗೆ ಹೋದರು. ಡಿಪ್ಲೊಮಾ ಪಡೆದವರು ಆಸ್ಪತ್ರೆಯ ಔಷಧ ವಿತರಣಾ ಕಿಟಕಿಯಲ್ಲಿಯೂ ಊರಿನ ಔಷಧ ಅಂಗಡಿಯಲ್ಲಿಯೂ ಕುಳಿತರು. ಹೆಚ್ಚು ಓದಿದವರು ರೋಗಿಯಿಂದ ದೂರವಾದರು. ರೋಗಿಯ ಎದುರಿಗಿದ್ದವರಿಗೆ ಹೆಚ್ಚಿನ ಓದಿನ ಅವಕಾಶ ಕಡಿಮೆಯಿತ್ತು.

ಶ್ರಾಫ್ ಅವರ ಶಿಕ್ಷಣಕ್ರಮ ಮತ್ತು ರೋಗಿಯ ಆರೈಕೆ

ಶ್ರಾಫ್ ಅವರ ಕಾಲದ ಮುಖ್ಯ ಪ್ರಶ್ನೆ ಔಷಧ ಶುದ್ಧವೇ ಎಂಬುದು. ಆ ಪ್ರಶ್ನೆಗೆ ಉತ್ತರ ದೊರೆಯುತ್ತ ಹೋದಂತೆ ಎರಡನೆಯ ಪ್ರಶ್ನೆ ಎದುರಾಯಿತು: ಶುದ್ಧವಾದ ಔಷಧವು ಈ ರೋಗಿಗೆ, ಈ ಪ್ರಮಾಣದಲ್ಲಿ, ಅವನು ಸೇವಿಸುತ್ತಿರುವ ಇತರ ಔಷಧಗಳ ಜೊತೆಗೆ ಹೊಂದುತ್ತದೆಯೇ? ಪ್ರಯೋಗಾಲಯದಲ್ಲಿ ಇದಕ್ಕೆ ಪೂರ್ಣ ಉತ್ತರ ಸಿಗುವುದಿಲ್ಲ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದ ರೋಗಿಗೆ ಜೆಂಟಾಮೈಸಿನ್ ನೀಡುವಾಗ ಪ್ರಮಾಣವನ್ನು ಲೆಕ್ಕ ಹಾಕಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವರು ಕೆಲವು ನೋವುನಿವಾರಕ ಗುಳಿಗೆಗಳನ್ನು ನುಂಗಿದರೆ ರಕ್ತಸ್ರಾವದ ಅಪಾಯವಿದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ದೇಹದಲ್ಲಿ ಬೇರೆ ಹಲವು ಔಷಧಗಳ ಪರಿಣಾಮವನ್ನು ತಗ್ಗಿಸುತ್ತದೆ. ಇವನ್ನು ಗಮನಿಸಲು ರೋಗಿಯ ಕಡತವನ್ನು ಓದಬಲ್ಲ, ವೈದ್ಯರೊಡನೆ ಚರ್ಚಿಸಬಲ್ಲ ಫಾರ್ಮಸಿಸ್ಟ್ ಬೇಕು.

ಅಮೆರಿಕದಲ್ಲಿ 1960ರ ದಶಕದಲ್ಲಿ ಈ ಚಿಂತನೆ ಕ್ಲಿನಿಕಲ್ ಫಾರ್ಮಸಿ ಎಂಬ ಹೆಸರಿನಲ್ಲಿ ಸ್ಪಷ್ಟ ರೂಪ ಪಡೆಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1966ರಲ್ಲಿ ಫಾರ್ಮಸಿಸ್ಟರನ್ನು ನೇರವಾಗಿ ವಾರ್ಡಿನಲ್ಲಿಯೇ ನಿಯೋಜಿಸಿದ ಪ್ರಯೋಗ ಈ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಆ ಹೊತ್ತಿಗೆ ಶ್ರಾಫ್ ಅವರು ಜೀವನದ ಕೊನೆಯ ವರ್ಷಗಳಲ್ಲಿದ್ದರು. ಭಾರತದ ಫಾರ್ಮಸಿ ಕಾಲೇಜುಗಳಲ್ಲಿ ಕಾಶಿಯ ಮಾದರಿಯೇ ಮುಂದುವರಿದಿತ್ತು.

ಈ ಕಾರಣದಿಂದ ಶ್ರಾಫ್ ಅವರ ಕೊಡುಗೆಯನ್ನು ಎರಡು ದೃಷ್ಟಿಯಿಂದ ನೋಡುವುದುಂಟು. ಔಷಧ ತಯಾರಿಕೆಯಲ್ಲಿ ಭಾರತ ಇಂದು ಪಡೆದಿರುವ ಸ್ಥಾನಕ್ಕೆ ಬೇಕಾದ ತಜ್ಞರ ಪರಂಪರೆ ಅವರಿಂದ ಮೊದಲಾಯಿತು ಎಂಬುದು ಒಂದು. ಕೈಗಾರಿಕೆಯ ಕಡೆಗೆ ವಾಲಿದ ಅದೇ ಶಿಕ್ಷಣಕ್ರಮ ದೀರ್ಘಕಾಲ ಬದಲಾಗದೆ ಉಳಿದುದರಿಂದ ರೋಗಿಯ ಆರೈಕೆಯಲ್ಲಿ ಫಾರ್ಮಸಿಸ್ಟರ ಪಾತ್ರ ಬೆಳೆಯಲಿಲ್ಲ ಎಂಬುದು ಇನ್ನೊಂದು. ಎರಡನೆಯದರ ಹೊಣೆಯನ್ನು ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. 1930ರ ದಶಕದ ಅಗತ್ಯಕ್ಕೆ ಅವರು ತಕ್ಕ ಉತ್ತರ ನೀಡಿದರು. ಅಗತ್ಯ ಬದಲಾದಾಗ ಪಠ್ಯಕ್ರಮವನ್ನು ಬದಲಿಸುವ ಕೆಲಸ ಮುಂದಿನವರದಾಗಿತ್ತು.

ಕರ್ನಾಟಕದಲ್ಲಿ ಮುಂದುವರಿಕೆ

ಕರ್ನಾಟಕದಲ್ಲಿ ಫಾರ್ಮಸಿ ಪದವಿ ಶಿಕ್ಷಣ 1960ರ ದಶಕದಲ್ಲಿ ನೆಲೆಯೂರಿತು. ಮಣಿಪಾಲ, ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು ಮತ್ತು ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಕಾಲೇಜು ಆರಂಭದ ಸಂಸ್ಥೆಗಳಲ್ಲಿ ಸೇರಿವೆ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1973ರಲ್ಲಿ ಮೈಸೂರಿನಲ್ಲಿಯೂ 1980ರಲ್ಲಿ ಊಟಿಯಲ್ಲಿಯೂ ಫಾರ್ಮಸಿ ಕಾಲೇಜುಗಳನ್ನು ತೆರೆಯಿತು.

ಫಾರ್ಮಸಿಸ್ಟರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಸ್ನಾತಕೋತ್ತರ ತರಬೇತಿ ನೀಡುವ ಕೆಲಸದಲ್ಲಿ ಈ ಎರಡು ಕಾಲೇಜುಗಳ ಹೆಸರು ದೇಶದಲ್ಲಿ ಮೊದಲ ಸಾಲಿನಲ್ಲಿದೆ. 1990ರ ದಶಕದ ಉತ್ತರಾರ್ಧದಲ್ಲಿ ಇಲ್ಲಿ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಎಂ.ಫಾರ್ಮ್ ಆರಂಭವಾಯಿತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯ ಸಹಕಾರ ಇದಕ್ಕೆ ದೊರೆಯಿತು. ಭಾರತದಲ್ಲಿ ಈ ವಿಷಯವನ್ನು ಕಲಿಸಬಲ್ಲ ಅನುಭವಿ ಅಧ್ಯಾಪಕರು ಆಗ ವಿರಳವಾಗಿದ್ದುದರಿಂದ ಈ ಸಹಕಾರ ಅಗತ್ಯವಾಗಿತ್ತು. ಮೈಸೂರಿನಲ್ಲಿ ಜೆ.ಎಸ್.ಎಸ್. ಆಸ್ಪತ್ರೆಯೇ ಪಾಠಶಾಲೆಯಾಯಿತು. ಜಿ. ಪಾರ್ಥಸಾರಥಿ, ಕಾರಿನ್ ನೈಫೋರ್ಟ್ ಹ್ಯಾನ್ಸೆನ್ ಮತ್ತು ಮಿಲಾಪ್ ನಹತಾ ಅವರು ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿ ಪಠ್ಯಪುಸ್ತಕವು 2004ರಲ್ಲಿ ಹೊರಬಂದು ಭಾರತದ ವಿದ್ಯಾರ್ಥಿಗಳಿಗೆ ಮುಖ್ಯ ಆಕರವಾಯಿತು.

ಎಂ.ಫಾರ್ಮ್ ಎರಡು ವರ್ಷಗಳ ವ್ಯಾಸಂಗ. ಫಾರ್ಮಸಿ ಪ್ರಾಕ್ಟೀಸ್ ವಿಷಯವನ್ನು ಆರಿಸಿಕೊಂಡವರು ತರಗತಿಯ ಪಾಠದೊಂದಿಗೆ ವೈದ್ಯರ ಜೊತೆ ವಾರ್ಡುಗಳಲ್ಲಿ ಸುತ್ತುತ್ತಾರೆ. ರೋಗಿ ಹಿಂದೆ ಸೇವಿಸಿದ ಮತ್ತು ಈಗ ಸೇವಿಸುತ್ತಿರುವ ಔಷಧಗಳ ವಿವರವನ್ನು ಕೇಳಿ ಬರೆದುಕೊಳ್ಳುತ್ತಾರೆ. ಪ್ರಮಾಣದಲ್ಲಿ ತಪ್ಪಿದ್ದರೆ, ಒಂದು ಔಷಧ ಮತ್ತೊಂದಕ್ಕೆ ವಿರೋಧವಾಗಿದ್ದರೆ ವೈದ್ಯರ ಗಮನಕ್ಕೆ ತರುತ್ತಾರೆ. ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸಿ ವರದಿ ಮಾಡುತ್ತಾರೆ. ವೈದ್ಯರು ಮತ್ತು ದಾದಿಯರು ಕೇಳುವ ಪ್ರಶ್ನೆಗಳಿಗೆ ಔಷಧ ಮಾಹಿತಿ ಕೇಂದ್ರದಿಂದ ಉತ್ತರ ಹುಡುಕಿ ಕೊಡುತ್ತಾರೆ. ಮನೆಗೆ ಹೊರಟ ರೋಗಿಗೆ ಯಾವ ಗುಳಿಗೆಯನ್ನು ಊಟಕ್ಕೆ ಮೊದಲು, ಯಾವುದನ್ನು ಊಟದ ನಂತರ, ಎಷ್ಟು ದಿನ ಎಂಬುದನ್ನು ಅವರ ಭಾಷೆಯಲ್ಲಿಯೇ ತಿಳಿಸುತ್ತಾರೆ. ಕೊನೆಯಲ್ಲಿ ಸಂಶೋಧನಾ ಪ್ರಬಂಧವನ್ನು ಸಲ್ಲಿಸಬೇಕಾಗುತ್ತದೆ.

ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು 1997ರಲ್ಲಿ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರವನ್ನು ಆರಂಭಿಸಿತು. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಫಾರ್ಮ್.ಡಿ. ವ್ಯಾಸಂಗದ ನಿಯಮಗಳನ್ನು ಹೊರಡಿಸಿತು. ಇದು ಐದು ವರ್ಷಗಳ ಓದು ಮತ್ತು ಒಂದು ವರ್ಷದ ಆಸ್ಪತ್ರೆ ತರಬೇತಿ ಸೇರಿ ಆರು ವರ್ಷಗಳದ್ದು. ಬಿ.ಫಾರ್ಮ್ ಮುಗಿಸಿದವರು ಮೂರು ವರ್ಷಗಳಲ್ಲಿ ಇದನ್ನು ಪೂರೈಸಲು ಅವಕಾಶವಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದಿಂದ ಅಡ್ಡಪರಿಣಾಮಗಳ ವರದಿಗೆ ದೇಶವ್ಯಾಪಿ ವ್ಯವಸ್ಥೆ ಬಂದಿತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿವಳಿಕೆ ನೀಡುವುದೂ ಫಾರ್ಮಸಿಸ್ಟರ ಕರ್ತವ್ಯಗಳಲ್ಲಿ ಸೇರಿತು.

ಕಲಬುರಗಿ ಭಾಗದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಫಾರ್ಮಸಿ ಕಾಲೇಜು ಪ್ರಮುಖವಾದುದು. ಅದೇ ಸಂಸ್ಥೆಯ ವೈದ್ಯಕೀಯ ಕಾಲೇಜು ಮತ್ತು ಬೋಧನಾ ಆಸ್ಪತ್ರೆಗಳೂ ಕಲಬುರಗಿಯಲ್ಲಿವೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಇಂತಹ ಗ್ರಾಮೀಣ ತಾಲ್ಲೂಕುಗಳಲ್ಲಿ ವೈದ್ಯರು ಊರಿನಲ್ಲಿಲ್ಲದ ಹೊತ್ತಿನಲ್ಲಿ ಜನ ಮೊದಲು ಹೋಗುವುದು ಔಷಧ ಅಂಗಡಿಗೆ. ಮಧುಮೇಹ, ರಕ್ತದೊತ್ತಡ, ಕ್ಷಯ ಮುಂತಾದ ಕಾಯಿಲೆಗಳಿಗೆ ತಿಂಗಳುಗಟ್ಟಲೆ ಔಷಧ ಸೇವಿಸಬೇಕಾದವರಿಗೆ ಅಂಗಡಿಯಲ್ಲಿರುವ ಫಾರ್ಮಸಿಸ್ಟರ ಮಾತು ನಿರ್ಣಾಯಕವಾಗುತ್ತದೆ. ಗುಣವಾದಂತೆ ಕಂಡೊಡನೆ ಕ್ಷಯದ ಗುಳಿಗೆಗಳನ್ನು ನಿಲ್ಲಿಸಿದರೆ ರೋಗ ಮರಳುತ್ತದೆ, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಹೊಲಗಳಿಗೆ ಸಿಂಪಡಿಸುವ ಕೀಟನಾಶಕದಿಂದ ವಿಷವೇರಿದಾಗ ಸರಿಯಾದ ಪ್ರತ್ಯೌಷಧದ ಮಾಹಿತಿ ಕೂಡಲೇ ಬೇಕಾಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಕಲಿತ ಸ್ನಾತಕೋತ್ತರ ವಿದ್ಯೆ ಇಂತಹ ಊರುಗಳವರೆಗೆ ಎಷ್ಟು ತಲುಪುತ್ತದೆ ಎಂಬುದರ ಮೇಲೆ ಈ ಶಿಕ್ಷಣದ ಸಾರ್ಥಕತೆ ನಿಂತಿದೆ.

ಗೌರವ ಮತ್ತು ಸ್ಮರಣೆ

ಶ್ರಾಫ್ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡಲಾಗುತ್ತ ಬಂದಿದೆ. ಭಾರತೀಯ ಫಾರ್ಮಸಿ ಪರಿಷತ್ತು ಅವರ ಜನ್ಮದಿನವಾದ ಮಾರ್ಚ್ 6ನ್ನು ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವೆಂದು ಘೋಷಿಸಿದೆ. 2022ರಿಂದ ಕಾಲೇಜುಗಳಲ್ಲಿ ಆ ದಿನವನ್ನು ಆಚರಿಸಲಾಗುತ್ತಿದೆ. ಅವರು ಕಟ್ಟಿದ ವಿಭಾಗವು ವಿಶ್ವವಿದ್ಯಾಲಯದ ತಾಂತ್ರಿಕ ಸಂಸ್ಥೆಯ ಭಾಗವಾಗಿದ್ದು, ಆ ಸಂಸ್ಥೆ 2012ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯಾದ ನಂತರವೂ ಅದರಲ್ಲಿ ಮುಂದುವರಿದಿದೆ.

ಪ್ರಮುಖ ವರ್ಷಗಳು

1902 – ದರ್ಭಾಂಗದಲ್ಲಿ ಜನನ.
1932 – ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆ ಆರಂಭ.
1935 – ಸಂಯುಕ್ತ ಪ್ರಾಂತ್ಯದ ಔಷಧ ತಜ್ಞರ ಸಂಘದ ಸ್ಥಾಪನೆ.
1937 – ಮೂರು ವರ್ಷಗಳ ಬಿ.ಫಾರ್ಮ್ ಪದವಿ ಆರಂಭ.
1939 – ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ ಪತ್ರಿಕೆಯ ಆರಂಭ.
1940 – ದೇಶದ ಮೊದಲ ಎಂ.ಫಾರ್ಮ್ ವ್ಯಾಸಂಗ ಆರಂಭ.
1943 – ಕಾಶಿ ಹಿಂದೂ ವಿಶ್ವವಿದ್ಯಾಲಯದಿಂದ ನಿರ್ಗಮನ.
1948 – ಫಾರ್ಮಸಿ ಕಾಯ್ದೆ ಜಾರಿ.
1971 – ನಿಧನ.